ಕಾಗದದ ಕೊಕ್ಕರೆಗೆ ಕಾಲು ಯಾಕಿಲ್ಲ? ಪ್ರಾಣಿಗಳನ್ನು ಮಡಚಲು ಹೊರಟವರಿಗೆ

ಅಕ್ಕನ ಮಗಳಿಗೆ ಹತ್ತು ವರ್ಷ. ಅವಳ ಕೈಗೆ ಸಿಕ್ಕ ಕಾಗದ ಕಾಗದವಾಗಿ ಉಳಿಯುವುದಿಲ್ಲ. ಔಷಧದ ಡಬ್ಬಿಯೊಳಗಿನ ಚೀಟಿ ನರಿಯಾಗುತ್ತದೆ, ರಸೀದಿ ಮೀನಾಗುತ್ತದೆ, ಶಾಲೆಯ ಸುತ್ತೋಲೆ ನಾವು ಓದುವ ಮೊದಲೇ ಆನೆಯಾಗಿ ಮೇಜಿನ ಮೇಲೆ ನಿಂತಿರುತ್ತದೆ. ಒಂದು ದಿನ ಅವಳು ಮೊದಲ ಬಾರಿಗೆ ಸರಿಯಾಗಿ ಬಂದ ಕೊಕ್ಕರೆಯನ್ನು ನನ್ನ ಅಂಗೈ ಮೇಲಿಟ್ಟು, ಹಿಂದೆ ಮುಂದೆ ತಿರುಗಿಸಿ ನೋಡಿ, "ಚಿಕ್ಕಮ್ಮ, ಇದಕ್ಕೆ ಕಾಲು ಯಾಕಿಲ್ಲ?" ಎಂದು ಕೇಳಿದಳು. ಹಾರುವಾಗ ಕಾಲು ಮಡಚಿಕೊಂಡಿರುತ್ತದೆ ಎಂದು ಏನೋ ಹೇಳಿ ಜಾರಿಕೊಳ್ಳಲು ನೋಡಿದೆ. "ಇಲ್ಲ, ಹಾರುವಾಗ ಹಿಂದಕ್ಕೆ ಚಾಚಿಕೊಂಡಿರುತ್ತದೆ" ಎಂದು ಅವಳೇ ತಿದ್ದಿದಳು. ಅವಳ ಮಾತು ನಿಜ.

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನೂ ಮಡಚಲು ಕುಳಿತೆ. ಉತ್ತರ ಹಕ್ಕಿಯಲ್ಲಿರಲಿಲ್ಲ, ಕಾಗದದ ಮೂಲೆಗಳಲ್ಲಿತ್ತು. ಅದು ಗೊತ್ತಾದ ಮೇಲೆ ಒರಿಗಾಮಿ ಎಂಬ ಈ ಕಾಗದ ಮಡಚುವ ಕಲೆ ನನಗೆ ಬಾಯಿಪಾಠದ ವಿದ್ಯೆಯಾಗಿ ಉಳಿಯಲಿಲ್ಲ. ಇಲ್ಲಿ ಮೂರು ಪ್ರಾಣಿಗಳನ್ನು ಮಡಚೋಣ: ನಾಯಿ, ಕೊಕ್ಕರೆ, ಕಪ್ಪೆ. ನಾಯಿಗೆ ಒಂದು ನಿಮಿಷ ಸಾಕು. ಕೊಕ್ಕರೆಗೆ ಮೊದಲ ಸಲ ಅರ್ಧ ಗಂಟೆಯಾದರೂ ಬೇಸರಪಡಬೇಡಿ.

ಕಾಗದ

ಒರಿಗಾಮಿಗೆಂದೇ ಸಿಗುವ ಹಾಳೆ ಸಾಮಾನ್ಯವಾಗಿ 15 ಸೆಂ.ಮೀ. ಚೌಕ, ಒಂದು ಬದಿ ಬಣ್ಣ, ಇನ್ನೊಂದು ಬದಿ ಬಿಳಿ. ಸಿಕ್ಕರೆ ಒಳ್ಳೆಯದು, ಯಾವ ಬದಿ ಮೇಲಿದೆ ಎಂಬ ಗೊಂದಲ ತಪ್ಪುತ್ತದೆ. ಸಿಗದಿದ್ದರೆ ಪ್ರಿಂಟರಿಗೆ ಹಾಕುವ ಎ4 ಹಾಳೆಯೇ ಸಾಕು. ಉಡುಗೊರೆ ಸುತ್ತುವ ತೆಳು ಕಾಗದ ಇನ್ನೂ ಚೆನ್ನ. ದಿನಪತ್ರಿಕೆ ಬೇಡ, ಅದು ಗೆರೆಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ರಟ್ಟಿನಂಥ ದಪ್ಪ ಹಾಳೆ ಕೊಕ್ಕರೆಯ ಕುತ್ತಿಗೆಯ ಹತ್ತಿರ ಬರುವಷ್ಟರಲ್ಲಿ ಕೈಗೆ ಎದುರು ನಿಲ್ಲುತ್ತದೆ. ಕಲಿಯುವಾಗ ದೊಡ್ಡ ಚೌಕವನ್ನೇ ತೆಗೆದುಕೊಳ್ಳಿ. ಬೆರಳುಗುರಿನಷ್ಟು ಕೊಕ್ಕರೆ ಮಾಡುವ ಆಸೆ ಎಲ್ಲರಿಗೂ ಬರುತ್ತದೆ, ಅದು ಆಮೇಲಾಗಲಿ.

ಎ4 ಹಾಳೆಯಿಂದ ಚೌಕ ಮಾಡಲು ಅಳತೆಪಟ್ಟಿ ಬೇಕಿಲ್ಲ. ಹಾಳೆಯನ್ನು ಉದ್ದುದ್ದ ನಿಲ್ಲಿಸಿ, ಮೇಲಿನ ಗಿಡ್ಡ ಅಂಚನ್ನು ಪಕ್ಕದ ಉದ್ದ ಅಂಚಿನ ಮೇಲೆ ಸರಿಯಾಗಿ ಕೂರುವಂತೆ ಓರೆಯಾಗಿ ಮಡಚಿ. ಕೆಳಗೆ ಒಂದು ಪಟ್ಟಿ ಉಳಿಯುತ್ತದೆ. ಅದನ್ನು ಕತ್ತರಿಸಿದರೆ ನಿಮ್ಮ ಕೈಯಲ್ಲಿರುವುದು 21 ಸೆಂ.ಮೀ. ಚೌಕ. ಪಟ್ಟಿಯನ್ನು ಎಸೆಯಬೇಡಿ. 8.7 ಸೆಂ.ಮೀ. ಅಗಲದ ಆ ಪಟ್ಟಿಯೊಳಗೆ ಕಪ್ಪೆ ಕುಳಿತಿದೆ.

ಗೆರೆ ಎಳೆಯುವ ಬಗೆ

ಅವಸರದಲ್ಲಿ ಎಲ್ಲರೂ ಎಡವುವುದು ಇಲ್ಲಿ. ಮಕ್ಕಳು ಕಾಗದವನ್ನು ಗಾಳಿಯಲ್ಲಿ ಹಿಡಿದು, ಅಂದಾಜಿಗೆ ಮಡಚಿ, ಎರಡು ಬೆರಳಿನ ನಡುವೆ ಚಿವುಟುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಮೊದಲ ಮಡಿಕೆಯಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಆಗ ಗೊತ್ತಾಗುವುದಿಲ್ಲ. ಹತ್ತು ಮಡಿಕೆಯ ನಂತರ ಕೊಕ್ಕು ಸೊಟ್ಟಗಾದಾಗ, ಒಂದು ರೆಕ್ಕೆಯ ಅಂಚಿನಲ್ಲಿ ಬಿಳಿ ಇಣುಕಿದಾಗ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ತಿದ್ದಲು ದಾರಿಯಿರುವುದಿಲ್ಲ.

ಗಟ್ಟಿ ಮೇಜಿನ ಮೇಲೆ ಇಟ್ಟೇ ಮಡಚಿ. ಮೂಲೆಯನ್ನು ಮೂಲೆಗೆ ತಾಗಿಸಿ ಒಂದು ಬೆರಳಿನಿಂದ ಒತ್ತಿ ಹಿಡಿದುಕೊಳ್ಳಿ. ಇನ್ನೊಂದು ಕೈಯ ಬೆರಳನ್ನು ಅಲ್ಲಿಂದ ಮಡಿಕೆಯ ಕಡೆಗೆ ಜಾರಿಸಿ, ಮಡಿಕೆಯ ನಡುವನ್ನು ಮುಟ್ಟಿ, ಅಲ್ಲಿಂದ ಎರಡೂ ಕಡೆಗೆ ಸವರಿ. ಮೂಲೆಗಳು ಕೂಡಿವೆಯೇ ಎಂದು ಮತ್ತೊಮ್ಮೆ ನೋಡಿ. ಆಮೇಲೆ ಮಾತ್ರ ಉಗುರಿನ ಬೆನ್ನಿನಿಂದ ಗೀರಿ. ಸರಿಯಾಗಿ ಗೀರಿದ ಗೆರೆಯ ಮೇಲೆ ಬಣ್ಣದ ಹಾಳೆ ತೆಳ್ಳಗೆ ಹೊಳೆಯುತ್ತದೆ. ಅಗ್ಗದ ಬಣ್ಣವಾದರೆ ಅಲ್ಲಿ ಬಣ್ಣ ಸೀಳಿ ಬಿಳಿ ನಾರು ಕಾಣುತ್ತದೆ, ಅದು ಕೈಯ ತಪ್ಪಲ್ಲ.

ಮಡಿಕೆ ಎರಡೇ ಬಗೆ. ಗೆರೆ ತಗ್ಗಿನಲ್ಲಿದ್ದು ಎರಡೂ ಬದಿ ನಿಮ್ಮ ಕಡೆಗೆ ಎದ್ದರೆ ಕಣಿವೆ. ಗೆರೆಯೇ ಮೇಲೆದ್ದು ಬದಿಗಳು ಹಿಂದಕ್ಕೆ ಬಾಗಿದರೆ ಬೆಟ್ಟ. ಹಾಳೆ ತಿರುಗಿಸಿದರೆ ಬೆಟ್ಟ ಕಣಿವೆಯಾಗುತ್ತದೆ, ಕಣಿವೆ ಬೆಟ್ಟವಾಗುತ್ತದೆ. ಚಿತ್ರಗಳಲ್ಲಿ ಕಣಿವೆಗೆ ತುಂಡುಗೆರೆ, ಬೆಟ್ಟಕ್ಕೆ ಗೆರೆ-ಚುಕ್ಕೆ ಹಾಕುವ ರೂಢಿ ಜಪಾನಿನ ಅಕಿರಾ ಯೋಶಿಜಾವ (1911–2005) ಅವರಿಂದ ಬಂದದ್ದು. ಗೆರೆ ಮತ್ತು ಬಾಣಗಳ ಈ ಲಿಪಿಯಿಂದಾಗಿ ಜಪಾನೀ ಭಾಷೆಯ ಒಂದಕ್ಷರ ಬಾರದವರೂ ಜಪಾನಿನ ಒರಿಗಾಮಿ ಪುಸ್ತಕ ಹಿಡಿದು ಮಡಚಬಹುದು. ಅಕ್ಕನ ಮಗಳು ಮಾಡುವುದೂ ಅದನ್ನೇ.

ನಾಯಿ, ಬೇಕಾದರೆ ಬೆಕ್ಕು

ಚೌಕವನ್ನು ಮೂಲೆಯಿಂದ ಮೂಲೆಗೆ ಮಡಚಿ ತ್ರಿಕೋನ ಮಾಡಿ. ಮಡಿಕೆಯ ಉದ್ದ ಅಂಚು ಮೇಲಿರಲಿ, ಚೂಪು ತುದಿ ನಿಮ್ಮ ಕಡೆಗೆ. ಎಡಬಲದ ಎರಡು ಮೂಲೆಗಳನ್ನು ಸ್ವಲ್ಪ ಓರೆಯಾಗಿ ಕೆಳಕ್ಕೆ ಮಡಚಿದರೆ ಜೋಲು ಕಿವಿ. ಕೆಳಗಿನ ತುದಿಯನ್ನು ಚೂರೇ ಚೂರು ಹಿಂದಕ್ಕೆ ಮಡಚಿದರೆ ಗದ್ದ. ಕಣ್ಣು ಮೂಗು ಪೆನ್ನಿನಲ್ಲಿ ಬರೆಯಿರಿ.

ಅದೇ ತ್ರಿಕೋನವನ್ನು ತಲೆಕೆಳಗು ಮಾಡಿ, ಮೇಲಿನ ತುದಿಯನ್ನು ಸ್ವಲ್ಪ ಕೆಳಕ್ಕೆ ಮಡಚಿ, ಪಕ್ಕದ ಮೂಲೆಗಳನ್ನು ಮೇಲಕ್ಕೆತ್ತಿ, ತಿರುಗಿಸಿ ನೋಡಿ: ಬೆಕ್ಕು. ಕಿವಿ ಎಷ್ಟು ಓರೆ ಎಂಬುದರ ಮೇಲೆ ಅದರ ಸ್ವಭಾವ ನಿಂತಿದೆ. ನಮ್ಮ ಮನೆಯಲ್ಲಿ ಒಂದಕ್ಕಂತೂ ಸದಾ ಸಿಟ್ಟು.

ಇಷ್ಟರಲ್ಲೇ ಒಂದು ಸಂಗತಿ ಗಮನಿಸಿ. ನಾಯಿಯ ಕಿವಿಗಳು ಎಲ್ಲಿಂದ ಬಂದವು? ಹಾಳೆಯ ಎರಡು ಮೂಲೆಗಳಿಂದ. ಗದ್ದ ಎಲ್ಲಿಂದ? ಮೂರನೆಯ ಮತ್ತು ನಾಲ್ಕನೆಯ ಮೂಲೆಗಳು ಒಂದರ ಮೇಲೊಂದು ಕೂತು.

ಕೊಕ್ಕರೆ

ಮಡಚುವ ಮೊದಲು ಒಂದು ಕೆಲಸ. ಹಾಳೆಯ ಎರಡೂ ಬದಿಗೆ, ಪ್ರತಿ ಮೂಲೆಯಲ್ಲಿ ಬೇರೆ ಬೇರೆ ಬಣ್ಣದ ಚುಕ್ಕೆ ಇಡಿ. ಹಾಳೆಯ ನಟ್ಟನಡುವೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ. ಕೊನೆಯಲ್ಲಿ ಇವು ಎಲ್ಲಿಗೆ ಹೋದವು ಎಂದು ಹುಡುಕೋಣ.

1. ಬಣ್ಣದ ಬದಿ ಮೇಲಿರಲಿ. ಮೂಲೆಯಿಂದ ಮೂಲೆಗೆ ಮಡಚಿ ಬಿಡಿಸಿ, ಇನ್ನೊಂದು ಕರ್ಣವನ್ನೂ ಹಾಗೇ ಮಡಚಿ ಬಿಡಿಸಿ. ಈಗ ಹಾಳೆ ಮಗುಚಿ, ಬಿಳಿ ಬದಿ ಮೇಲೆ ಬರಲಿ. ಅಂಚಿನಿಂದ ಅಂಚಿಗೆ, ಪುಸ್ತಕ ಮುಚ್ಚುವ ಹಾಗೆ ಮಡಚಿ ಬಿಡಿಸಿ. ಅಡ್ಡಕ್ಕೂ ಹಾಗೇ ಮಾಡಿ ಬಿಡಿಸಿ. ನಡುವಿನಿಂದ ಎಂಟು ಗೆರೆಗಳು ಹೊರಟಿರುವ ನಕ್ಷತ್ರ ಕಾಣಬೇಕು. ಹಾಳೆ ಮಗುಚುವುದನ್ನು ಮರೆತರೆ ಮುಂದಿನ ಹೆಜ್ಜೆಯಲ್ಲಿ ಕಾಗದ ಜಗಳಕ್ಕೆ ನಿಲ್ಲುತ್ತದೆ.

2. ಬಿಳಿ ಬದಿ ಮೇಲೇ ಇರಲಿ. ಒಂದು ಮೂಲೆ ನಿಮ್ಮ ಕಡೆಗೆ. ಎಡ ಮತ್ತು ಬಲ ಮೂಲೆಗಳನ್ನು ಹಿಡಿದು ನಿಮ್ಮ ಕಡೆಯ ಮೂಲೆಗೆ ತನ್ನಿ. ಮೇಲಿನ ಮೂಲೆ ತಾನಾಗಿ ಬಾಗಿ ಬಂದು ಎಲ್ಲದರ ಮೇಲೆ ಕೂರುತ್ತದೆ. ನಾಲ್ಕು ಮೂಲೆಗಳೂ ಒಂದೇ ಕಡೆ ಸೇರಿದ ಸಣ್ಣ ಚೌಕ ಸಿಗುತ್ತದೆ. 15 ಸೆಂ.ಮೀ. ಹಾಳೆಯಾದರೆ ಇದು 7.5 ಸೆಂ.ಮೀ. ಬಲವಂತ ಮಾಡಬೇಡಿ. ಗೆರೆಗಳು ಸರಿಯಿದ್ದರೆ ಕಾಗದಕ್ಕೆ ಎಲ್ಲಿಗೆ ಹೋಗಬೇಕೆಂದು ಗೊತ್ತಿರುತ್ತದೆ.

3. ತೆರೆದುಕೊಳ್ಳುವ ಮೂಲೆ ನಿಮ್ಮ ಕಡೆಗಿರಲಿ. ಮೇಲಿನ ಪದರದ ಎಡ ಮತ್ತು ಬಲ ಕೆಳ ಅಂಚುಗಳನ್ನು ನಡುಗೆರೆಗೆ ತಾಗುವಂತೆ ಮಡಚಿ. ಗಾಳಿಪಟದ ಆಕಾರ ಬರುತ್ತದೆ. ಮೇಲುಳಿದ ತ್ರಿಕೋನವನ್ನು ಅದರ ಮೇಲೆ ಕೆಳಕ್ಕೆ ಮಡಚಿ, ಚೆನ್ನಾಗಿ ಗೀರಿ. ಈಗ ಮೂರನ್ನೂ ಬಿಡಿಸಿ.

4. ಎಲ್ಲರೂ ಸಿಕ್ಕಿಬೀಳುವ ಹೆಜ್ಜೆ ಇದು. ಕೆಳ ಮೂಲೆಯ ಮೇಲಿನ ಒಂದೇ ಒಂದು ಪದರವನ್ನು ಹಿಡಿದು, ತ್ರಿಕೋನ ಮಡಚಿದ ಅಡ್ಡಗೆರೆಯವರೆಗೂ ಬಾಯಿ ತೆರೆಯುವ ಹಾಗೆ ಮೇಲಕ್ಕೆತ್ತಿ. ಎತ್ತುತ್ತಾ ಹೋದಂತೆ ಎರಡೂ ಪಕ್ಕಗಳು ಒಳಕ್ಕೆ ಬಾಗುತ್ತವೆ, ಒಂದು ಕ್ಷಣ ದೋಣಿಯಂತೆ ಕಾಣುತ್ತದೆ. ಆಗ ಹೆದರಿ ಬಿಡಬೇಡಿ. ಪಕ್ಕಗಳನ್ನು ನಡುವಿಗೆ ತಳ್ಳಿ, ಚಪ್ಪಟೆ ಮಾಡಿ. ಉದ್ದನೆಯ ಹೂವಿನ ದಳದಂಥ ಆಕಾರ ಬರುತ್ತದೆ. ಇದಕ್ಕೆ ದಳ ಮಡಿಕೆ ಎನ್ನೋಣ. ಇಲ್ಲಿ ಬದಿಯ ಎರಡು ಗೆರೆಗಳು ಮೊದಲು ಮಡಚಿದ ದಿಕ್ಕಿಗೆ ವಿರುದ್ಧವಾಗಿ ಮಡಚಿಕೊಳ್ಳಬೇಕು. ಹಟ ಮಾಡಿದರೆ ಉಗುರಿನಿಂದ ಆ ಗೆರೆಗಳನ್ನು ಇನ್ನೊಂದು ದಿಕ್ಕಿಗೆ ಒಮ್ಮೆ ಗೀರಿಕೊಳ್ಳಿ.

5. ತಿರುಗಿಸಿ, ಹಿಂಬದಿಗೂ 3 ಮತ್ತು 4ನೆಯ ಹೆಜ್ಜೆ. ಈಗ ಸಿಕ್ಕಿರುವುದು ಹಕ್ಕಿಯ ಬುನಾದಿ: ಮೇಲಕ್ಕೆ ಎರಡು ತುದಿ, ಕೆಳಕ್ಕೆ ಸೀಳಿದ ಎರಡು ತುದಿ.

6. ಸೀಳಿರುವ ಕಡೆ ಕೆಳಗಿರಲಿ. ಮೇಲಿನ ಪದರದ ಎರಡೂ ಕೆಳ ಅಂಚುಗಳನ್ನು ನಡುಗೆರೆಗೆ ಮಡಚಿ. ನಡುಗೆರೆಗೆ ಪೂರ್ತಿ ಅಂಟಿಸದೆ ಕೂದಲೆಳೆಯಷ್ಟು ಜಾಗ ಬಿಡಿ, ಮುಂದಿನ ಹೆಜ್ಜೆಯಲ್ಲಿ ಪದರಗಳಿಗೆ ಉಸಿರಾಡಲು ಅದು ಬೇಕು. ಹಿಂಬದಿಗೂ ಹೀಗೆಯೇ. ಈಗ ಎರಡು ಸಪೂರ ಕಡ್ಡಿಗಳು ಸಿಗುತ್ತವೆ.

7. ಒಂದು ಕಡ್ಡಿಯನ್ನು ಮೊದಲು ಸುಮ್ಮನೆ ಓರೆಯಾಗಿ ಮೇಲಕ್ಕೆ ಮಡಚಿ, ಗೀರಿ, ಕೆಳಕ್ಕೆ ಬಿಡಿ. ಈಗ ಕಡ್ಡಿಯ ಪದರಗಳನ್ನು ಸ್ವಲ್ಪ ತೆರೆದು, ಕಾಲುಚೀಲದ ತುದಿಯನ್ನು ಒಳಕ್ಕೆ ಮಗುಚುವ ಹಾಗೆ, ಅದೇ ಗೆರೆಯಲ್ಲಿ ಮೈಯ ಎರಡು ಪದರಗಳ ನಡುವಿನಿಂದ ಮೇಲಕ್ಕೆ ತನ್ನಿ. ಇದು ಕುತ್ತಿಗೆ. ಇನ್ನೊಂದು ಕಡ್ಡಿ ಬಾಲ, ಅದನ್ನೂ ಹಾಗೇ. ಕುತ್ತಿಗೆಯ ತುದಿಯನ್ನು ಇದೇ ರೀತಿ ಒಳಕ್ಕೆ ಮಗುಚಿದರೆ ತಲೆ ಮತ್ತು ಕೊಕ್ಕು. ಪದರಗಳು ಒತ್ತೊತ್ತಾಗಿ ಕೂಡುವ ಜಾಗ ಇದು, ಹರಿಯುವುದೂ ಇಲ್ಲಿಯೇ. ಅಕ್ಕನ ಮಗಳ ಮೊದಲ ನಾಲ್ಕು ಕೊಕ್ಕರೆಗಳಿಗೆ ಕೊಕ್ಕಿರಲಿಲ್ಲ.

8. ರೆಕ್ಕೆಗಳನ್ನು ಎರಡೂ ಕಡೆಗೆ ಬಾಗಿಸಿ. ಬುಡದಲ್ಲಿ ಹಿಡಿದು ಮೆಲ್ಲಗೆ ಹೊರಕ್ಕೆ ಎಳೆದರೆ ಬೆನ್ನು ಉಬ್ಬುತ್ತದೆ. ಉಬ್ಬದಿದ್ದರೆ ಹೊಟ್ಟೆಯ ಕೆಳಗಿನ ಸಣ್ಣ ತೂತಿನಿಂದ ಉಸಿರು ಊದಿ.

ಈಗ ಚುಕ್ಕೆಗಳನ್ನು ಹುಡುಕಿ. ಎದುರುಬದುರಿನ ಎರಡು ಮೂಲೆಗಳು ರೆಕ್ಕೆಗಳ ತುದಿಯಲ್ಲಿವೆ. ಉಳಿದೆರಡರಲ್ಲಿ ಒಂದು ಕೊಕ್ಕಿನಲ್ಲಿ, ಇನ್ನೊಂದು ಬಾಲದಲ್ಲಿ. ಹಾಳೆಯ ನಡುವಿನ ಚುಕ್ಕೆ ಬೆನ್ನಿನ ಉಬ್ಬಿನ ಮೇಲೆ ಕೂತಿದೆ. ಚೌಕಕ್ಕೆ ನಾಲ್ಕು ಮೂಲೆ, ನಾಲ್ಕೂ ಖರ್ಚಾದವು. ಕಾಲಿಗೆ ಕೊಡಲು ಮೂಲೆಯೇ ಉಳಿದಿಲ್ಲ.

ಚಪ್ಪಟೆಯಾಗದೆ ಹಟ ಮಾಡಿದರೆ

ಎರಡನೆಯ ಹೆಜ್ಜೆಯ ಸಣ್ಣ ಚೌಕ ಕೆಲವರಿಗೆ ಎಷ್ಟು ಒತ್ತಿದರೂ ಕೂರುವುದಿಲ್ಲ. ಆಗ ಬಿಡಿಸಿ, ನಡುವಿನ ಗೆರೆಗಳನ್ನು ಎಣಿಸಿ. ಬಣ್ಣದ ಬದಿಯಿಂದ ನೋಡಿದರೆ ಅಂಚಿನ ಕಡೆಗೆ ಹೋಗುವ ನಾಲ್ಕು ಗೆರೆಗಳು ಬೆಟ್ಟ ಆಗಿರಬೇಕು. ಮೂಲೆಯ ಕಡೆಗೆ ಹೋಗುವ ನಾಲ್ಕರಲ್ಲಿ ಎದುರುಬದುರಿನ ಎರಡು ಕಣಿವೆ. ಉಳಿದೆರಡು ಮಡಚಿಕೊಳ್ಳದೆ ಚಪ್ಪಟೆಯಾಗಿ ಮಲಗಿರುತ್ತವೆ. ನಾಲ್ಕು ಬೆಟ್ಟ, ಎರಡು ಕಣಿವೆ, ವ್ಯತ್ಯಾಸ ಎರಡು. ಹಾಳೆಯ ಒಳಗಿನ ಯಾವ ಬಿಂದುವಿನ ಸುತ್ತಲೂ ಕಾಗದ ಚಪ್ಪಟೆಯಾಗಿ ಮಡಚಿಕೊಂಡಿದ್ದರೆ ಬೆಟ್ಟ ಮತ್ತು ಕಣಿವೆಗಳ ಸಂಖ್ಯೆಯ ನಡುವೆ ಎರಡರ ವ್ಯತ್ಯಾಸ ಇದ್ದೇ ಇರುತ್ತದೆ. ಜಪಾನಿನ ಜುನ್ ಮಾಯೆಕಾವ ಅವರ ಹೆಸರಿನಲ್ಲಿರುವ ನಿಯಮ ಇದು. ಗಣಿತ ಎಂದರೆ ಮುಖ ಕಿವುಚುವ ಹುಡುಗಿ ಇದನ್ನು ಮಾತ್ರ ಬಿಡಿಸಿದ ಪ್ರತಿ ಹಾಳೆಯ ಮೇಲೂ ಬೆರಳಿಟ್ಟು ಎಣಿಸಿ ನೋಡುತ್ತಾಳೆ. ಸುಳ್ಳಾದರೆ ಹಿಡಿಯಬೇಕೆಂದು ಅವಳ ಆಸೆ.

ಪಟ್ಟಿಯಲ್ಲಿ ಕುಳಿತಿದ್ದ ಕಪ್ಪೆ

ಎತ್ತಿಟ್ಟ ಪಟ್ಟಿಯ ಉದ್ದ 21 ಸೆಂ.ಮೀ. ಅದನ್ನು 17.4ಕ್ಕೆ ಕತ್ತರಿಸಿ, ಅಂದರೆ ಅಗಲದ ಎರಡರಷ್ಟು. ಪಟ್ಟಿಯನ್ನು ಉದ್ದಕ್ಕೆ ನಿಲ್ಲಿಸಿ. ಮೇಲಿನ ಅಂಚನ್ನು ಎಡ ಅಂಚಿನ ಮೇಲೆ ಓರೆಯಾಗಿ ಮಡಚಿ ಬಿಡಿಸಿ, ಬಲ ಅಂಚಿನ ಮೇಲೂ ಹಾಗೇ ಮಡಚಿ ಬಿಡಿಸಿ. ಮೇಲರ್ಧದಲ್ಲಿ ಗುಣಾಕಾರದ ಚಿಹ್ನೆ ಮೂಡುತ್ತದೆ. ಪಟ್ಟಿ ಮಗುಚಿ, ಆ ಚಿಹ್ನೆಯ ನಡುವೆ ಹಾಯುವಂತೆ ಅಡ್ಡಕ್ಕೆ ಮಡಚಿ ಬಿಡಿಸಿ, ಮತ್ತೆ ಮಗುಚಿ. ಅಡ್ಡಗೆರೆಯ ಎರಡು ಕೊನೆಗಳನ್ನು ಒಳಕ್ಕೆ ತಳ್ಳಿದರೆ ಮೇಲರ್ಧ ಕುಸಿದು ತ್ರಿಕೋನವಾಗುತ್ತದೆ.

ತ್ರಿಕೋನದ ಮೇಲಿನ ಪದರದಲ್ಲಿ ಎರಡು ಸಡಿಲ ತುದಿಗಳಿವೆ. ಅವನ್ನು ಮೇಲಕ್ಕೆ, ಸ್ವಲ್ಪ ಹೊರಕ್ಕೆ ಮಡಚಿದರೆ ಮುಂಗಾಲು. ಕೆಳಗಿನ ಪಟ್ಟಿಯ ಎಡಬಲ ಅಂಚುಗಳನ್ನು ಕಾಲುಗಳ ಅಡಿಯಲ್ಲಿ ನುಸುಳಿಸಿ ನಡುವಿಗೆ ತಂದು ಮಡಚಿ. ಕೆಳತುದಿಯನ್ನು ತ್ರಿಕೋನದ ಬುಡದವರೆಗೂ ಮೇಲಕ್ಕೆ ಮಡಚಿ, ಅದರ ಅರ್ಧವನ್ನು ಮತ್ತೆ ಕೆಳಕ್ಕೆ ಮಡಚಿ. ಹಿಂಗಾಲೂ ಸ್ಪ್ರಿಂಗೂ ಇದೇ. ಈ ಎರಡು ಮಡಿಕೆಗಳನ್ನು ಮಾತ್ರ ಉಗುರಿನಿಂದ ಗೀರಬೇಡಿ, ಗೀರಿದರೆ ಕಪ್ಪೆ ಸುಸ್ತಾಗಿ ಕೂರುತ್ತದೆ. ಮಗುಚಿ ನಿಲ್ಲಿಸಿ, ಬೆನ್ನಿನ ಹಿಂತುದಿಯನ್ನು ಒತ್ತಿ ಬೆರಳನ್ನು ಹಿಂದಕ್ಕೆ ಜಾರಿಸಿ. ಹಾರುತ್ತದೆ. ಸ್ವಲ್ಪ ಬಿರುಸಾದ ಹಾಳೆಯದು ಇನ್ನೂ ದೂರ ಹಾರುತ್ತದೆ.

ಇದರ ಮೂತಿ ಎಲ್ಲಿಂದ ಬಂತು ನೋಡಿ. ಯಾವ ಮೂಲೆಯಿಂದಲೂ ಅಲ್ಲ, ಗುಣಾಕಾರದ ಚಿಹ್ನೆಯ ನಡುಬಿಂದುವಿನಿಂದ, ಅಂದರೆ ಹಾಳೆಯ ಒಳಗಿನಿಂದ. ಮೂಲೆ ಮುಗಿದರೂ ತುದಿ ಸಿಗುತ್ತದೆ ಎಂದಾಯಿತು. ಆದರೆ ಅದಕ್ಕೆ ಬೆಲೆಯಿದೆ.

ಒಂದು ಕಾಲಿಗೆ ಎಷ್ಟು ಕಾಗದ

ಮೂಲೆಯಿಂದ ಒಂದು ಕಾಲು ಎಳೆಯಬೇಕಾದರೆ ಆ ಕಾಲಿನ ಉದ್ದವೇ ತ್ರಿಜ್ಯವಾಗಿರುವ ವೃತ್ತದ ಕಾಲು ಭಾಗದಷ್ಟು ಕಾಗದ ಅದಕ್ಕೆ ಮೀಸಲು. ಅಂಚಿನ ನಡುವಿನಿಂದ ಎಳೆದರೆ ಅರ್ಧ ವೃತ್ತ. ಹಾಳೆಯ ಒಳಗಿನಿಂದಾದರೆ ಇಡೀ ವೃತ್ತ. ಒಂದು ತುದಿಯ ವೃತ್ತ ಇನ್ನೊಂದರ ಮೇಲೆ ಏರಿ ಕೂರುವಂತಿಲ್ಲ. ಕಾಲು ಹೆಚ್ಚಿದಷ್ಟೂ ವೃತ್ತಗಳು ಒತ್ತಿಕೊಂಡು ಪ್ರಾಣಿ ಸಣ್ಣದಾಗುತ್ತದೆ, ಪದರ ದಪ್ಪವಾಗುತ್ತದೆ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಲ್ಯಾಂಗ್ ಈ ಲೆಕ್ಕವನ್ನೇ ಕಂಪ್ಯೂಟರಿಗೆ ಕಲಿಸಿ, ಆರು ಕಾಲು, ಎರಡು ಮೀಸೆ ಇರುವ ಕೀಟಗಳನ್ನು ಕತ್ತರಿ ಮುಟ್ಟಿಸದ ಒಂದೇ ಚೌಕದಿಂದ ಮಡಚಿದರು. ಅಂಥವಕ್ಕೆ ತೆಳುವಾದ, ಗಟ್ಟಿ ನಾರಿನ, ದೊಡ್ಡ ಹಾಳೆ ಬೇಕು. ಎ4ರಲ್ಲಿ ಜೀರುಂಡೆ ಮಡಚಲು ಹೋಗಿ ಗೋಲಿಯಂಥ ಕಾಗದದ ಉಂಡೆ ಮಾಡಿಕೊಂಡವರಲ್ಲಿ ನಾನೂ ಒಬ್ಬಳು.

ಕತ್ತರಿಸಿ ಕಾಲು ಮಾಡಬಾರದೇ? ಶುದ್ಧಾಚಾರದವರು ಒಪ್ಪುವುದಿಲ್ಲ. ಆದರೆ 1797ರಲ್ಲಿ ಜಪಾನಿನಲ್ಲಿ ಅಚ್ಚಾದ ಕೊಕ್ಕರೆಗಳ ಪುಸ್ತಕದಲ್ಲೇ ಹಾಳೆಯನ್ನು ಸಣ್ಣ ಚೌಕಗಳಾಗಿ ಸೀಳಿ, ಮೂಲೆಗಳನ್ನು ಮಾತ್ರ ಅಂಟಿದಂತೆಯೇ ಬಿಟ್ಟು, ಸಾಲುಗಟ್ಟಿದ ಕೊಕ್ಕರೆಗಳನ್ನು ಮಡಚುವ ಬಗೆಯಿದೆ. ಹಾಗಾಗಿ ಮಕ್ಕಳು ಕತ್ತರಿ ಹಿಡಿದರೆ ನಾನು ಗದರುವುದಿಲ್ಲ. ಅಕ್ಕನ ಮಗಳೇ ಗದರುತ್ತಾಳೆ.

ಮಡಚಿದ್ದು ಬಾಯಿ ತೆರೆದುಕೊಳ್ಳುತ್ತಿದ್ದರೆ ದಪ್ಪ ಪುಸ್ತಕದ ಕೆಳಗೆ ಒಂದು ರಾತ್ರಿ ಇಡಿ, ಕೊಕ್ಕರೆಯಾದರೆ ಬೆನ್ನು ಉಬ್ಬಿಸುವ ಮೊದಲು. ದಪ್ಪ ಹಾಳೆಯನ್ನು ಒದ್ದೆ ಬಟ್ಟೆಯಿಂದ ತುಸು ಸವರಿ ಮಡಚುವ ಯೋಶಿಜಾವ ಅವರ ವಿಧಾನವೂ ಇದೆ. ಕಾಗದಕ್ಕೆ ಹಾಕಿರುವ ಅಂಟು ತೇವಕ್ಕೆ ಸಡಿಲಾಗಿ, ಒಣಗಿದಾಗ ಮತ್ತೆ ಬಿಗಿಯುತ್ತದೆ. ಆನೆಯ ಬೆನ್ನಿನಂಥ ದುಂಡು ಅದರಿಂದಲೇ ಬರುವುದು. ಕೈ ಪಳಗಿದ ಮೇಲೆ ನೋಡಿ, ನೀರು ಒಂದು ಹನಿ ಹೆಚ್ಚಾದರೂ ಹಾಳೆ ಹರಿಯುತ್ತದೆ.

ಹೊಸ ಪ್ರಾಣಿಗೆ ಕೈ ಹಾಕುವ ಮೊದಲು ಅದರ ತುದಿಗಳನ್ನು ಎಣಿಸಿ: ತಲೆ, ಬಾಲ, ಕಾಲು, ಕಿವಿ, ಕೊಂಬು. ನಾಲ್ಕರೊಳಗಿದ್ದರೆ ಹಕ್ಕಿಯ ಬುನಾದಿಯಿಂದ ಶುರು ಮಾಡಬಹುದು. ಹೆಚ್ಚಿದ್ದರೆ ಯಾವುದನ್ನು ಬಿಡಬಹುದು ಎಂದು ಯೋಚಿಸಿ. ಅಕ್ಕನ ಮಗಳು ಇದಕ್ಕೊಂದು ಪುಸ್ತಕ ಇಟ್ಟಿದ್ದಾಳೆ. ಚಿಟ್ಟೆ ನಾಲ್ಕು, ಆಗುತ್ತದೆ. ಆಮೆ ಆರು, ಬಾಲ ಬಿಟ್ಟರೆ ಐದು. ಆನೆ ಎಂಟು, ದೊಡ್ಡ ಹಾಳೆ ಬೇಕು. ಏಡಿಯ ಮುಂದೆ "ಕಾಲೇ ಹತ್ತು, ರಜೆಯಲ್ಲಿ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾಳೆ.